ಅರ್ಧ ಗೇಟಿನ ಇಳುಕಲು

ಉಳಿದವರೆಲ್ಲ ಯೋಚನೆಯೇ ಇಲ್ಲದೆ ಮಾಡಿ ಮುಗಿಸುವ, ತನಗೆ ಮಾತ್ರ ಏನು ಮಾಡಿದರೂ ಬಾರದ ಒಂದು ಕೆಲಸ ಪ್ರತಿಯೊಬ್ಬ ಮನುಷ್ಯನಿಗೂ ಇರುತ್ತದೆ ಎಂದು ನಾನು ನಂಬಿದ್ದೇನೆ. ನನ್ನ ಸೋದರಮಾವನಿಗೆ ಕೊನೆಯವರೆಗೂ ಸಿಳ್ಳೆ ಹೊಡೆಯಲು ಬರಲಿಲ್ಲ. ನಮ್ಮ ಕಾರ್ಖಾನೆಯ ಮ್ಯಾನೇಜರರು ಕೈಯಲ್ಲಿ ಚೀಟಿಯಿಲ್ಲದೆ ಒಂದು ಗಂಟೆ ಭಾಷಣ ಮಾಡಬಲ್ಲರು, ಆದರೆ ಒಂದು ಕಿತ್ತಳೆಹಣ್ಣು ಸುಲಿಯಲು ಕೊಟ್ಟರೆ ಅಂಗಿಯ ತುಂಬ ರಸ ಚೆಲ್ಲಿಕೊಳ್ಳುತ್ತಾರೆ. ನನಗೆ ಬಾರದಿರುವುದು ನನ್ನ ಸ್ವಂತ ಕಾರನ್ನು ನನ್ನ ಸ್ವಂತ ಗೇಟಿನೊಳಗೆ ಸೇರಿಸುವುದು. ಪುಣೆಯ ಹಿಂಜವಾಡಿಯ ಸಂಜೆಯ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸುಗಳ ನಡುವೆ ತೂರಿಕೊಂಡು ಬಂದಿದ್ದೇನೆ. ಸಾಸವಡದ ದಾರಿಯ ಘಾಟಿಯಲ್ಲಿ ಲಾರಿಗಳನ್ನು ಹಿಂದೆ ಹಾಕಿದ್ದೇನೆ. ಆದರೆ ನಮ್ಮ ಮನೆಯ ಗೇಟು ಕಣ್ಣಿಗೆ ಬಿದ್ದ ಕೂಡಲೇ ಸ್ಟಿಯರಿಂಗನ್ನು ಯಾವ ಕಡೆ ತಿರುಗಿಸಿದರೆ ಗಾಡಿಯ ಹಿಂಭಾಗ ಯಾವ ಕಡೆ ಹೋಗುತ್ತದೆ ಎಂಬುದು ಮರೆತುಹೋಗುತ್ತದೆ. ಇಷ್ಟನ್ನು ನಾನು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ಕಳೆದ ವರ್ಷದವರೆಗೆ ತಪ್ಪೆಲ್ಲ ಫುಟ್‌ಪಾತಿನದೇ ಎಂದು ವಾದಿಸುತ್ತಿದ್ದೆ.

ಫುಟ್‌ಪಾತಿನ ತಪ್ಪು ಇರಲೇ ಇಲ್ಲವೆಂದಲ್ಲ. ನಾವು ಧಾರವಾಡದವರು, ಪುಣೆಗೆ ಬಂದು ಮೂವತ್ತು ವರ್ಷ ಮೀರಿತು. ಹಳೆಯ ಬಂಗಲೆಗಳ ಒಂದು ಸಣ್ಣ ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಮನೆ. ಅದರ ಗೇಟಿಗೆ ಎರಡು ಬಾಗಿಲು: ದೊಡ್ಡದು ಆರು ಅಡಿ, ಚಿಕ್ಕದು ನಾಲ್ಕು ಅಡಿ. ಎರಡನ್ನೂ ತೆರೆದರೆ ಕಾರೇನು, ಮೆರವಣಿಗೆಯೇ ಒಳಗೆ ಬರಬಹುದು. ನಮ್ಮ ಗಲ್ಲಿಗೆ ಹೊಸ ಫುಟ್‌ಪಾತು ಹಾಕುವ ಕೆಲಸ ನಡೆದಾಗ ಗುತ್ತಿಗೆದಾರರ ಮೇಸ್ತ್ರಿ ಟೇಪು ಹಿಡಿದು ಮನೆಮನೆಗೆ ಬಂದ. ಪ್ರತಿ ಗೇಟಿನ ಎದುರಿಗೆ ಅಂಚುಗಲ್ಲುಗಳನ್ನು ತಗ್ಗಿಸಿ, ಗಾಡಿ ಹತ್ತಿ ಬರಲು ಇಳಿಜಾರು ಬಿಡಬೇಕಲ್ಲ, ಅದಕ್ಕೆ ಅಳತೆ. ಈ ಇಳಿಜಾರಿಗೆ ನಾನೂ ನನ್ನ ಹೆಂಡತಿಯೂ ರ‍್ಯಾಂಪು ಎನ್ನುತ್ತೇವೆ, ನಮ್ಮ ಅಕ್ಕ ಇಳುಕಲು ಎನ್ನುತ್ತಾಳೆ. ಆ ಬೆಳಿಗ್ಗೆ ನಾನು ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಚಿಕ್ಕ ಬಾಗಿಲಿಗೆ ಒಳಗಿನಿಂದ ಐದು ಕುಂಡಗಳನ್ನು ಒತ್ತಿ ಇಟ್ಟಿದ್ದೆ, ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆಂದು. ಮೇಸ್ತ್ರಿ ಕೇಳಿದ, "ಸಾಹೇಬ್ರೇ, ನಿಮ್ಮ ಗೇಟು ಎಷ್ಟು ತೆರೆಯುತ್ತದೆ?" ಬೆಳಗಿನ ಮೊದಲ ಗುಟುಕು ಚಹಾ ಬಾಯಲ್ಲಿರುವಾಗ ನಾನು ಹೆಚ್ಚು ಮಾತಾಡುವವನಲ್ಲ. ತೆರೆದಿದ್ದ ದೊಡ್ಡ ಬಾಗಿಲಿನ ಕಡೆಗೆ ಕೈ ತೋರಿಸಿ, "ಕಾಣ್ತದಲ್ಲ, ಇಷ್ಟೇ" ಎಂದೆ. ಅವನು ಅಷ್ಟೇ ಬರೆದುಕೊಂಡ.

(ಇಲ್ಲಿ ಒಂದು ಮಾತು. ಮೇಸ್ತ್ರಿ ಆಡಿದ್ದು, ಮುಂದೆ ಪಾಲಿಕೆಯವರೂ ನೆರೆಯವರೂ ಆಡುವುದು, ಎಲ್ಲ ಮರಾಠಿ. ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ. ನನ್ನ ಮರಾಠಿಯನ್ನು ಹಾಗೆಯೇ ಹೇಳಿದರೆ ನನಗೂ ಆ ಭಾಷೆಗೂ ಒಟ್ಟಿಗೆ ಅವಮಾನ.)

ಹದಿನೈದು ದಿನಗಳಲ್ಲಿ ಫುಟ್‌ಪಾತು ಸಿದ್ಧವಾಯಿತು. ಎಲ್ಲರ ಗೇಟಿಗೂ ಪೂರ್ತಿ ರ‍್ಯಾಂಪು, ನಮ್ಮದಕ್ಕೆ ದೊಡ್ಡ ಬಾಗಿಲಿನಷ್ಟು ಮಾತ್ರ. ಆರು ಅಡಿ ರ‍್ಯಾಂಪು, ಐದೂವರೆ ಅಡಿಗಿಂತ ಒಂದಿಷ್ಟು ಹೆಚ್ಚಿನ ಕಾರು, ತಿರುಗಿಸಲು ಇಕ್ಕಟ್ಟಾದ ಗಲ್ಲಿ. ಕೆಲಸ ಮುಗಿದ ಮೇಲೆ ಉಳಿದ ಎರಡು ಅಂಚುಗಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ನಮ್ಮ ಚಿಕ್ಕ ಬಾಗಿಲಿನ ಎದುರಿಗೇ ಬಿಟ್ಟುಹೋದರು. ಆ ಬಾಗಿಲು ತೆರೆಯುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ.

ನಾನು ರಬ್ಬರ್ ವಾಷರುಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದವನು. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಮಾಲಿನ ಮೇಲೆ 'ತಿರಸ್ಕೃತ' ಎಂದು ಮೊಹರು ಒತ್ತುವುದು ನನ್ನ ಕೆಲಸ. ಹಾಗಾಗಿ ಹೊಸ ರ‍್ಯಾಂಪನ್ನು, ಗೇಟನ್ನು, ಕಾರನ್ನು ಅಳೆದು, ಕಾಗದದ ಮೇಲೆ ಲೆಕ್ಕ ಹಾಕಿ, "ಈ ರ‍್ಯಾಂಪಿನಿಂದ ಈ ಕಾರು ಒಳಗೆ ಹೋಗುವುದು ಅಸಾಧ್ಯ" ಎಂದು ಮನೆಯಲ್ಲಿ ಘೋಷಿಸಿದೆ. ನನ್ನ ಹೆಂಡತಿ ಸುಮಂಗಲಾ ಶಾಲೆಯ ಟೀಚರು, ಕಾರು ಕಲಿತಿದ್ದರೂ ಸ್ಕೂಟರಿನಲ್ಲೇ ಓಡಾಡುತ್ತಾಳೆ. ಅವಳು "ಹೌದೇನ್ರಿ?" ಎಂದು ಸುಮ್ಮನಾದಳು. ಅಂದಿನಿಂದ ಕಾರು ಗಲ್ಲಿಯ ತುದಿಯ ಮೈದಾನದಲ್ಲಿ, ಮನೆಯಿಂದ ಇನ್ನೂರು ಹೆಜ್ಜೆ ದೂರ, ಪಾರಿವಾಳಗಳ ವಶದಲ್ಲಿ ಉಳಿಯಿತು. ನಡುವೆ ಒಮ್ಮೆ ವೆಲ್ಡಿಂಗಿನವನಿಂದ ಕಬ್ಬಿಣದ ತಗಡು ಬಗ್ಗಿಸಿ ಅಂಚುಗಲ್ಲಿಗೆ ಆನಿಸಿ ನೋಡಿದೆ. ಅದರ ಮೇಲೆ ಬೆಕ್ಕು ನಡೆದರೂ ಧಡಾರ್ ಎನ್ನುತ್ತಿತ್ತು. ಮೂರನೆಯ ದಿನ ಅತಿಕ್ರಮಣ ತೆಗೆಯುವ ಗಾಡಿ ಬಂದು ತಗಡನ್ನು ಎತ್ತಿಕೊಂಡು ಹೋಯಿತು. ಗಲ್ಲಿಯ ಜನ ಅವತ್ತು ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ.

ಹೀಗೇ ಕಾಲ ಕಳೆಯುತ್ತಿತ್ತೇನೋ. ಅಷ್ಟರಲ್ಲಿ ಧಾರವಾಡದಿಂದ ನಮ್ಮ ಅಕ್ಕ ಬಂದಳು. ಶಾಂತಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಅವಳೆದುರು ನಾನು ಈಗಲೂ ಕೈ ಕಟ್ಟಿ ನಿಲ್ಲುತ್ತೇನೆ. ಅವಳ ಬಲ ಮೊಣಕಾಲು ಪೂರ್ತಿ ಸವೆದಿತ್ತು. ಶಿವಾಜಿನಗರದ ಒಬ್ಬ ಡಾಕ್ಟರು ಎರಡು ತಿಂಗಳ ನಂತರ ಆಪರೇಷನ್ ಎಂದು ದಿನ ಗೊತ್ತುಮಾಡಿದರು. ಆಮೇಲೆ ವಾರಕ್ಕೆ ಮೂರು ಸಲ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು; ಆಟೋದಲ್ಲಿ ಬೇಡವೇ ಬೇಡ, ಕಾರೇ ಆಗಬೇಕು, ಕಾರು ಮನೆಯ ಮೆಟ್ಟಿಲವರೆಗೆ ಬರಬೇಕು ಎಂದರು. ಹೊರಗೆ ರಸ್ತೆಯಲ್ಲೇ ನಿಲ್ಲಿಸೋಣವೆಂದರೆ, ಫುಟ್‌ಪಾತು ಬಂದ ಮೇಲೆ ಗಲ್ಲಿ ಇನ್ನೂ ಕಿರಿದಾಗಿತ್ತು. ಅಕ್ಕ ಕಾರಿನಿಂದ ಇಳಿಯಲು ತೆಗೆದುಕೊಳ್ಳುವ ಐದು ನಿಮಿಷದಲ್ಲಿ ಹಿಂದೆ ಹತ್ತು ಗಾಡಿಗಳು ನಿಂತು ಹಾರ್ನು ಬಾರಿಸತೊಡಗುತ್ತಿದ್ದವು. ಡಾಕ್ಟರಿಗೆ ತೋರಿಸಿಕೊಂಡು ಬಂದ ದಿನವೇ ಹಾಗಾಯಿತು. ಅಕ್ಕ ವಾಕರು ಹಿಡಿದು, ಹಾರ್ನುಗಳ ಕಡೆಗೆ ತಿರುಗಿ, ಪ್ರಾರ್ಥನೆಯ ವೇಳೆ ಗಲಾಟೆ ಮಾಡಿದ ಹುಡುಗಿಯರನ್ನು ನೋಡುವಂತೆ ನೋಡಿದಳು. ಹಾರ್ನು ನಿಂತವು. ಆದರೆ ಒಳಗೆ ಬಂದ ಮೇಲೆ ಅವಳು ಸಣ್ಣ ದನಿಯಲ್ಲಿ, "ತಮ್ಮಾ, ನನ್ನಿಂದ ಮಂದಿಗೆ ತ್ರಾಸ ಆಗೂದು ನನಗ ಸೇರೂದಿಲ್ಲ ನೋಡು" ಎಂದಾಗ ನನಗೆ ಚುರುಕ್ಕೆಂದಿತು. ಮರುದಿನವೇ ರಜೆ ಹಾಕಿ ವಾರ್ಡ್ ಆಫೀಸಿಗೆ ಹೋದೆ.

ಅರ್ಜಿಯನ್ನು ಮರಾಠಿಯಲ್ಲೇ ಬರೆದೆ. ಕನ್ನಡದಲ್ಲಿ ಕಲ್ಲು, ಗೋಡೆ, ಗೇಟು ಎಲ್ಲವೂ 'ಅದು', ಬರೆಯುವವನಿಗೆ ಚಿಂತೆಯಿಲ್ಲ. ಮರಾಠಿಯಲ್ಲಿ ಕಲ್ಲು ಗಂಡು, ಗೋಡೆ ಹೆಣ್ಣು, ಗೇಟು ಎರಡೂ ಅಲ್ಲ. ಮೂವತ್ತು ವರ್ಷವಾದರೂ ಈ ಸಂಸಾರದಲ್ಲಿ ಯಾರು ಏನೆಂದು ನನಗೆ ನೆನಪು ಉಳಿಯುವುದಿಲ್ಲ. ಅರ್ಜಿ ಓದಿದ ಜೂನಿಯರ್ ಎಂಜಿನಿಯರರಿಗೆ ಮೊದಲ ಸಾಲಿನಲ್ಲೇ ನಗು ಬಂತು. ಅವರು ಜಾಧವ ಮೇಡಂ, ನಮ್ಮ ಕಾರ್ಖಾನೆಗೆ ಹೊಸದಾಗಿ ಸೇರುವ ಟ್ರೇನಿಗಳ ವಯಸ್ಸು. ಆದರೂ ನಗುವನ್ನು ಕೆಮ್ಮು ಮಾಡಿಕೊಂಡು ನನ್ನ ನಕ್ಷೆಯನ್ನು ಬಿಡಿಸಿದರು. ನಕ್ಷೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ರಾತ್ರಿಯಿಡೀ ಕೂತು, ಮಿಲಿಮೀಟರುಗಳಲ್ಲಿ, ದಶಾಂಶದವರೆಗೆ ಅಳತೆ ಕೊಟ್ಟಿದ್ದೆ.

"ಕಾಕಾ, ಇದೇನು, ಸಾವಿರದ ಎಂಟುನೂರಾ ಇಪ್ಪತ್ತೆಂಟು ಪಾಯಿಂಟ್ ಎಂಟು?"

"ಆರು ಅಡಿ ಮೇಡಂ."

"ಹಾಗಿದ್ದರೆ ಆರು ಅಡಿ ಅಂತಲೇ ಬರೆಯಿರಿ. ಕಲ್ಲು ಜೋಡಿಸುವವನು ಈ ಪಾಯಿಂಟ್ ಎಂಟನ್ನು ಎಲ್ಲಿಂದ ತರಬೇಕು?" ಆಮೇಲೆ ನಕ್ಷೆಯ ಮೇಲೆ ಬೆರಳಾಡಿಸಿ, "ಇಲ್ಲಿ ಒಂದು ಮರ ಇರಬೇಕಲ್ಲ?" ಎಂದರು.

ಇತ್ತು. ಗೇಟಿನ ಬಲಕ್ಕೆ ದೊಡ್ಡ ಬೇವಿನ ಮರ. ಅದು ನನ್ನದಲ್ಲವೆಂದು ನಾನು ನಕ್ಷೆಯಲ್ಲಿ ಹಾಕಿರಲಿಲ್ಲ. ಮೇಡಂ ನನ್ನನ್ನು ಕರುಣೆಯಿಂದ ನೋಡಿದರು. ಇಪ್ಪತ್ತೈದು ವರ್ಷಗಳಲ್ಲಿ ನಾನು ಎಷ್ಟು ಸಾವಿರ ವಾಷರುಗಳನ್ನು ತಿರಸ್ಕರಿಸಿರಬಹುದು, ಅವುಗಳಿಗೆ ಹೇಗೆ ಅನಿಸಿರಬಹುದು ಎಂದು ಮೊದಲ ಸಲ ಯೋಚನೆ ಬಂತು. ಅವರು ತಾಳ್ಮೆಯಿಂದ ತಿಳಿಸಿ ಹೇಳಿದರು: ಬಲಕ್ಕೆ ಮರವಿರುವುದರಿಂದ ರ‍್ಯಾಂಪನ್ನು ಎಡಕ್ಕೇ ಅಗಲ ಮಾಡಬೇಕು. ಎಡಕ್ಕೆ ಹೋದರೆ ಅದರ ಓರೆಯಂಚು ಒಂದೂವರೆ ಅಡಿಯಷ್ಟು ಪಕ್ಕದ ಮನೆಯ ಗೋಡೆಯ ಮುಂದೆ ಬರುತ್ತದೆ. ಆದ್ದರಿಂದ ಪಕ್ಕದ ಮನೆಯವರಿಂದ ಹರಕತ್ತಿಲ್ಲವೆಂಬ ಪತ್ರ ಬೇಕು. ಆಮೇಲೆ ತಾವೇ ಬಂದು ಜಾಗ ನೋಡುತ್ತಾರೆ. ಹರಕತ್ತು ಎಂದರೆ ತಕರಾರು, ನಮ್ಮ ಧಾರವಾಡದಲ್ಲೂ ಇರುವ ಮಾತೇ. ಆದ್ದರಿಂದ ನನಗೆ ಕೂಡಲೇ ಅರ್ಥವಾಯಿತು. ಆದರೆ ಪಕ್ಕದ ಮನೆಯವರು ಪೇಂಡ್ಸೆ ಕಾಕಾ.

ಪೇಂಡ್ಸೆ ಕಾಕಾಗೆ ಎಂಬತ್ತೆರಡು. ಗಲ್ಲಿಯಲ್ಲಿ ಯಾರದೇ ಕಾಗದಪತ್ರವಿರಲಿ, ಅವರು ಓದಿ ಕನಿಷ್ಠ ಮೂರು ತಪ್ಪು ಹುಡುಕಿದ ಮೇಲೆಯೇ ಅದು ಮುಂದೆ ಹೋಗಬೇಕು. ನಾನು ಪೇಡೆಯ ಡಬ್ಬಿ ಹಿಡಿದು ಹೋದೆ. ಅವರು ಪೇಡೆ ತಿಂದರು, ಧಾರವಾಡದ ಪೇಡೆಯನ್ನು ಹೊಗಳಿದರು, ಪತ್ರವನ್ನು ಎರಡು ಸಲ ಓದಿದರು, ವ್ಯಾಕರಣ ತಿದ್ದಿದರು, ಆಮೇಲೆ ಹಿಂತಿರುಗಿಸಿದರು.

"ಸಹಿ ಮಾಡುವುದಿಲ್ಲ."

"ಯಾಕೆ ಕಾಕಾ?"

"ಫುಟ್‌ಪಾತು ಕಾಲಿರುವವರಿಗೆ. ಗಾಲಿಯಿರುವುದಕ್ಕೆ ರಸ್ತೆ ಇದೆ."

ನಾನು ಪತ್ರ ಮಡಚಿ ಜೇಬಿಗಿಟ್ಟೆ. ಮನೆಗೆ ಬಂದು, ಮುದುಕ ಹಟಮಾರಿ, ಪೇಡೆ ದಂಡವಾಯಿತು ಎಂದು ಕೂಗಾಡಿದೆ. ಅಕ್ಕ ಕಿಟಕಿಯ ಹತ್ತಿರ ಕೂತು ಕೇಳುತ್ತಿದ್ದಳು. ನನ್ನ ಕೂಗಾಟ ಮುಗಿದ ಮೇಲೆ, "ಅವರು ದಿನಾ ನಮ್ಮ ಗೇಟಿನ ಮುಂದ ಆ ಕಲ್ಲಿನ ಮ್ಯಾಲೆ ಕೂಡತಾರಲ್ಲ, ನೀ ನೋಡಿಯೇನು?" ಎಂದಳು.

ನಾನು ನೋಡಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಸ್ಸು ಹಿಡಿಯುವವನು, ಎಂಟಕ್ಕೆ ನಮ್ಮ ಗೇಟಿನ ಮುಂದೆ ಏನು ನಡೆಯುತ್ತದೆ ಎಂಬುದು ನನಗೇನು ಗೊತ್ತು? ಅಕ್ಕ ಬಂದ ಹತ್ತು ದಿನದಲ್ಲೇ ಗಲ್ಲಿಯ ದಿನಚರಿಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಕಾಕಾ ಮನೆಯಿಂದ ಹೊರಟು, ಮೂಲೆಯ ಹಾಲಿನ ಅಂಗಡಿಗೆ ಹೋಗಿ, ಬರುವಾಗ ಆ ಪೇರಿಸಿದ ಕಲ್ಲುಗಳ ಮೇಲೆ ಅರ್ಧ ಗಂಟೆ ಕೂತು ಹೋಗುತ್ತಾರೆ. ಶಾಲೆಗೆ ಹೋಗುವ ಮಕ್ಕಳನ್ನು ಮಾತಾಡಿಸುತ್ತಾರೆ. ತರಕಾರಿ ಗಾಡಿಯವನ ಜೊತೆ ಬೀನ್ಸಿನ ಬಗ್ಗೆ ಜಗಳವಾಡುತ್ತಾರೆ, ಬೀನ್ಸು ಕೊಳ್ಳುವುದಿಲ್ಲ.

ಮರುದಿನ ರವಿವಾರ. ಅಕ್ಕ ವಾಕರು ಹಿಡಿದು ತಾನೇ ಹೊರಗೆ ಹೋದಳು, ಹಿಂದೆ ನಾನು. ಕಾಕಾ ಕಲ್ಲಿನ ಮೇಲಿದ್ದರು. ಅಕ್ಕ ಕನ್ನಡದಲ್ಲಿ ಮಾತಾಡಿದಳು, ಅವರು ಮರಾಠಿಯಲ್ಲಿ. ಇಬ್ಬರಿಗೂ ಇನ್ನೊಬ್ಬರ ಮಾತು ಎಷ್ಟು ಬೇಕೋ ಅಷ್ಟು ತಿಳಿಯುತ್ತಿತ್ತು.

"ನೀವು ನಿಮ್ಮ ಮನಿ ಮುಂದ ಖುರ್ಚಿ ಹಾಕ್ಕೊಂಡು ಕೂಡಬಹುದಲ್ರಿ?" ಎಂದಳು ಅಕ್ಕ.

ಕಾಕಾ ಹಾಲಿನ ಚೀಲವನ್ನು ಪಕ್ಕಕ್ಕೆ ಇಟ್ಟರು. "ಮನೆಯ ಮುಂದೆ ಖುರ್ಚಿ ಹಾಕಿ ಕೂತರೆ ಹೋಗುವವರೆಲ್ಲ ಕೇಳುತ್ತಾರೆ, ಕಾಕಾ ಹುಷಾರಿಲ್ಲವಾ, ಡಾಕ್ಟರು ಏನಂದರು ಅಂತ. ಇಲ್ಲಿ ಕೂತರೆ ಯಾರೂ ಕೇಳುವುದಿಲ್ಲ. ಹಾಲು ತರಲು ಹೋದವನು ಕೂತಿದ್ದಾನೆ, ಅಷ್ಟೇ." ಆಮೇಲೆ ದನಿ ತಗ್ಗಿಸಿ, "ಒಂದೇ ಉಸಿರಿಗೆ ಮನೆಯವರೆಗೆ ನಡೆಯಲು ಈಗ ಆಗುವುದಿಲ್ಲ ತಾಯಿ. ಈ ಎತ್ತರದಿಂದಾದರೆ ಏಳಲು ಯಾರ ಕೈಯೂ ಬೇಕಾಗುವುದಿಲ್ಲ. ರ‍್ಯಾಂಪು ಅಗಲವಾದರೆ ಈ ಕಲ್ಲು ಹೋಗುತ್ತದೆ" ಎಂದರು.

ಅಕ್ಕ ಅವರನ್ನು ಸರಿಯಲು ಹೇಳಿ ತಾನೇ ಆ ಕಲ್ಲಿನ ಮೇಲೆ ಕೂತು ನೋಡಿದಳು. ಎದ್ದಳು. ಮತ್ತೆ ಕೂತಳು. "ಹೌದ್ರಿ, ಎದ್ದರ ನೋಯೂದಿಲ್ಲ" ಎಂದು ನನ್ನ ಕಡೆ ತಿರುಗಿದಳು. "ತಮ್ಮಾ, ಇಷ್ಟೇ ಎತ್ತರದ್ದು ಒಂದು ಕಟ್ಟಿ ಕಟ್ಟಸು. ಫುಟ್‌ಪಾತಿನ ಮ್ಯಾಲೆ ಬ್ಯಾಡ, ಅದು ಮಂದೀದು. ನಿನ್ನ ಕಂಪೌಂಡ್ ಗೋಡಿ ಎರಡು ಫೂಟು ಒಳಗ ಸರಸು, ಆ ಜಾಗಾದಾಗ ಕಟ್ಟಸು. ನಿನ್ನ ಜಾಗಾದಾಗ ನೀ ಕಟ್ಟಸಿದರ ಯಾರದೇನು ಹರಕತ್ತು?"

"ಅಕ್ಕಾ, ಅಲ್ಲಿ ನನ್ನ ಗುಲಾಬಿ ಗಿಡ ಅವ."

"ಗುಲಾಬಿಗೆ ಮೊಣಕಾಲು ಅವೇನು?"

ಒಂದು ವಾರದಲ್ಲಿ ಗೌಂಡಿ ಬಂದ. ಗುಲಾಬಿಗಳು ಹಿತ್ತಲಿಗೆ ಹೋದವು. ಗೋಡೆಯಲ್ಲಿ ರಸ್ತೆಗೆ ಮುಖ ಮಾಡಿ ಗೂಡಿನಂಥ ಒಂದು ಕಟ್ಟೆ ಎದ್ದಿತು. ಎತ್ತರ ಸರಿಯಿದೆಯೇ ಎಂದು ಅಕ್ಕ ಮತ್ತು ಕಾಕಾ ಇಬ್ಬರೂ ಕೂತು ಎದ್ದು ಪರೀಕ್ಷಿಸಿ, ಮೊದಲ ಸಲ ಒಂದು ಇಂಚು ಹೆಚ್ಚಾಗಿದೆಯೆಂದು ತಿರಸ್ಕರಿಸಿದರು. ಎರಡನೆಯ ಸಲ ಪಾಸಾಯಿತು. ಕಾಕಾ ಹರಕತ್ತಿಲ್ಲವೆಂಬ ಪತ್ರವನ್ನು ನನ್ನದನ್ನು ಹರಿದು ತಾವೇ ಹೊಸದಾಗಿ ಬರೆದರು. ಎರಡು ಪುಟ. ಎರಡು ದೇಶಗಳ ನಡುವಿನ ಒಪ್ಪಂದದಂತಿತ್ತು. ಕಟ್ಟೆಯ ಮೇಲೆ ಕುಂಡ ಇಡತಕ್ಕದ್ದಲ್ಲ ಎಂಬುದೂ ಅದರಲ್ಲಿತ್ತು.

ಜಾಧವ ಮೇಡಂ ಜಾಗ ನೋಡಲು ಬಂದದ್ದು ಒಂದು ಶನಿವಾರ. ಆಪರೇಷನ್ನಿಗೆ ಇನ್ನು ಮೂರು ವಾರ ಉಳಿದಿತ್ತು. ಟೇಪು ಹಿಡಿದು ಎಲ್ಲ ಅಳೆದರು, ಬೇವಿನ ಮರದ ಸುತ್ತ ಒಂದು ಸುತ್ತು ಬಂದರು, ಕಟ್ಟೆಯನ್ನು ನೋಡಿ ತಲೆದೂಗಿದರು. ಆಮೇಲೆ ನನಗೆ, "ಕಾಕಾ, ಗಾಡಿ ತಂದು ಒಳಗೆ ಹಾಕಿ ತೋರಿಸಿ. ಎಲ್ಲಿ ತಾಗುತ್ತದೆ ನೋಡಬೇಕು" ಎಂದರು.

ನನ್ನ ಆಯುಷ್ಯದಲ್ಲಿ ಮೊದಲ ಸಲ ನನ್ನ ದೌರ್ಬಲ್ಯವೇ ನನ್ನ ಸಾಕ್ಷಿಯಾಗಿತ್ತು. ಹುರುಪಿನಿಂದ ಹೋಗಿ ಕಾರು ತಂದೆ. ಬೇಕೆಂದು ಒಂದಿಷ್ಟೂ ತಪ್ಪು ಮಾಡಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಮೊದಲನೆಯ ಸಲ ಎಡಗನ್ನಡಿ ಗೇಟಿನ ಕಂಬಕ್ಕೆ ತಾಗಿತು. ಎರಡನೆಯ ಸಲ ಹಿಂದಿನ ಗಾಲಿ ಅಂಚುಗಲ್ಲನ್ನು ಹತ್ತಿ ಧೊಪ್ಪೆಂದು ಇಳಿಯಿತು. ಮೂರನೆಯ ಸಲ ಗಾಡಿ ಹೇಗೋ ಪೂರ್ತಿ ತಿರುಗಿ, ನಾನು ಬೇವಿನ ಮರವನ್ನು ಮುಖಾಮುಖಿ ನೋಡುತ್ತಿದ್ದೆ. ಪುಣೆಯಲ್ಲಿ ಗಾಡಿ ಹಿಂದೆ ತೆಗೆಯುವವನಿಗೆ ದಾರಿ ತೋರಿಸಲು ಯಾರನ್ನೂ ಕರೆಯಬೇಕಾಗಿಲ್ಲ. ತರಕಾರಿಯವನು ಎಡಕ್ಕೆ ಎಂದ, ಇಸ್ತ್ರಿಯವನು ಬಲಕ್ಕೆ ಎಂದ, ಎದುರುಮನೆಯ ಮಹಡಿಯಿಂದ ಒಬ್ಬರು "ನಿಲ್ಲಿಸಿ, ನಿಲ್ಲಿಸಿ" ಎಂದರು. ಮೇಡಂ ಫೈಲಿನಲ್ಲಿ ಏನೋ ಬರೆಯುತ್ತಿದ್ದರು. ನಾನು ಗೆದ್ದೆನೆಂದುಕೊಂಡೆ.

ಆಗ ಸುಮಂಗಲಾ ಶಾಲೆ ಮುಗಿಸಿಕೊಂಡು ಸ್ಕೂಟರಿನಲ್ಲಿ ಬಂದಳು. ಗಲ್ಲಿಯಲ್ಲಿ ಜನ, ನಡುವೆ ಅಡ್ಡಡ್ಡ ಕಾರು, ಒಳಗೆ ಬೆವರುತ್ತಿರುವ ಗಂಡ. ಅವಳಿಗೆ ಕನಿಕರವೋ ನಾಚಿಕೆಯೋ ಬಂತು. "ಇಳೀರಿ ನೀವು" ಎಂದಳು. ನಾನು ಕಣ್ಣಿನಿಂದ, ಹುಬ್ಬಿನಿಂದ, ಬೇಡ ಬೇಡವೆಂದು ಸನ್ನೆ ಮಾಡಿದೆ. "ಕಣ್ಣಾಗ ಧೂಳ ಬಿತ್ತೇನ್ರಿ?" ಎನ್ನುತ್ತ ನನ್ನನ್ನು ಇಳಿಸಿ ತಾನು ಕೂತಳು. ಎರಡೂ ಕಡೆಯ ಕನ್ನಡಿ ಮಡಚಿದಳು. ಒಂದು ಸಲ ಮುಂದೆ, ಒಂದು ಸಲ ಹಿಂದೆ. ಆರು ಅಡಿಯ ರ‍್ಯಾಂಪಿನ ಮೇಲಿಂದ ಕಾರು ಬೆಣ್ಣೆಯಂತೆ ಜಾರಿ ಒಳಗೆ ಹೋಗಿ, ಮೆಟ್ಟಿಲ ಪಕ್ಕ ನೆಟ್ಟಗೆ ನಿಂತಿತು. ತರಕಾರಿಯವನು ಚಪ್ಪಾಳೆ ತಟ್ಟಿದ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಕಾಕಾ, ಗಾಡಿ ಹೋಗುತ್ತದಲ್ಲ?"

ನಾನು ಸುಮಂಗಲಾಳ ಹತ್ತಿರ ಹೋಗಿ ಹಲ್ಲು ಕಚ್ಚಿ ಕೇಳಿದೆ, "ನಿನಗ ಇದು ಬರ್ತದಂತ ಯಾವಾಗ ಗೊತ್ತಾತು?"

"ಈಗ. ವರ್ಷದಿಂದ ನೀವು ಅಸಾಧ್ಯ, ಅಸಾಧ್ಯ ಅಂದ್ರಿ. ಕ್ವಾಲಿಟಿಯವ್ರು, ಅಳತಿ ಮಾಡಿ ಹೇಳ್ಯಾರಂತ ನಾ ನಂಬಿದ್ದೆ."

ಒಂದು ತಿಂಗಳ ಓಡಾಟ, ನನ್ನ ಗುಲಾಬಿ, ಗೋಡೆ, ಪೇಡೆ ಎಲ್ಲ ಕಣ್ಣಮುಂದೆ ಹಾದುಹೋದವು. ಮೇಡಂ ಸ್ಕೂಟರು ತಿರುಗಿಸುತ್ತಿದ್ದರು. ಆಗ ಕಟ್ಟೆಯ ಮೇಲಿಂದ ಪೇಂಡ್ಸೆ ಕಾಕಾ ಯಾರ ಕೈಯನ್ನೂ ಹಿಡಿಯದೆ ಎದ್ದರು.

"ನಿಲ್ಲು ಮಗಳೇ. ಗಾಡಿ ಹೋಯಿತು, ಒಪ್ಪಿದೆ. ಗಾಡಿಗೆ ಎಂಜಿನ್ ಇದೆ. ಈಗ ಕಾಲಿನವರು ಇಳಿಯುವುದನ್ನು ನೋಡು." ಆಮೇಲೆ ನಮ್ಮ ಮನೆಯ ಕಡೆ ತಿರುಗಿ, "ಶಾಂತಾಬಾಯಿ!" ಎಂದು ಕೂಗಿದರು.

ಅಕ್ಕ ವಾಕರು ಹಿಡಿದು ಬಂದಳು. ರ‍್ಯಾಂಪಿನ ತಲೆಯ ಮೇಲೆ ನಿಂತಳು. ಆ ರ‍್ಯಾಂಪು ಅಗಲದಲ್ಲಿ ಮಾತ್ರ ಜಿಪುಣತನ ತೋರಿಸಿರಲಿಲ್ಲ, ಉದ್ದದಲ್ಲೂ ಹಾಗೆಯೇ. ಹೆಚ್ಚುಕಡಿಮೆ ಮಕ್ಕಳ ಜಾರುಬಂಡಿ. ವಾಕರಿನ ಮುಂದಿನ ಕಾಲು ಇಳಿಜಾರಿಗೆ ತಾಗಿದ್ದೇ ತಡ, ಸರ್ರೆಂದು ಮುಂದೆ ಹೋಯಿತು. ಅಕ್ಕ ಒಂದು ಹೆಜ್ಜೆ ಮುಗ್ಗರಿಸಿದಳು, ಇನ್ನೊಂದು ಹೆಜ್ಜೆ ಇನ್ನೂ ಜೋರಾಗಿ ಮುಗ್ಗರಿಸಿದಳು. ಮೇಡಂ ಸ್ಕೂಟರನ್ನು ಅಲ್ಲೇ ಬಿಟ್ಟು ಓಡಿಬಂದು ಅಕ್ಕನನ್ನು ತಬ್ಬಿ ಹಿಡಿದರು. ಸ್ಕೂಟರು ಮಗುಚಿತು.

ಅಕ್ಕನನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಮೇಡಂ ಮತ್ತೆ ಟೇಪು ತೆಗೆದರು. ಈ ಸಲ ಅಗಲವನ್ನು ಬಿಟ್ಟು ಇಳಿಜಾರನ್ನು ಅಳೆದರು. ಮುಖ ಗಂಭೀರವಾಯಿತು. "ಇದು ತುಂಬ ಕಡಿದಾಗಿದೆ. ಹೀಗಿರಬಾರದು. ಒಡೆದು ಹೊಸದಾಗಿಯೇ ಮಾಡಬೇಕು" ಎಂದರು. ಪೇಂಡ್ಸೆ ಕಾಕಾ, "ಹೇಗೂ ಒಡೆಯುತ್ತೀರಿ, ಹೊಸದಾಗಿ ಮಾಡುತ್ತೀರಿ. ಆಗ ಅಗಲ ಮಾಡಲು ಅಡ್ಡಿಯೇನು? ನನ್ನ ಹರಕತ್ತಿಲ್ಲ. ಎರಡು ಪುಟ ಬರೆದುಕೊಟ್ಟಿದ್ದೇನೆ" ಎಂದರು. ಮೇಡಂ ಅವರನ್ನು ನೋಡಿದರು, ಅಕ್ಕನನ್ನು ನೋಡಿದರು, ಕೊನೆಗೆ ಬಹಳ ಹೊತ್ತು ನನ್ನನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದರು.

ಅವರು ಹೋದ ಮೇಲೆ ನಾನು ಅಕ್ಕನಿಗೆ, "ಅಲ್ಲ ಅಕ್ಕಾ, ಬಿದ್ದಿದ್ದರ ಏನ ಗತಿ?" ಎಂದು ರೇಗಿದೆ. ಅಕ್ಕ ಸೆರಗು ಸರಿಪಡಿಸಿಕೊಂಡು, "ಮೊದಲನೇ ಹೆಜ್ಜಿ ಖರೇನ ಜಾರಿತು" ಎಂದಳು. ವಾಕರನ್ನು ಪಕ್ಕಕ್ಕೆ ಸರಿಸಿ, "ಎರಡನೇದ್ದು ಅಷ್ಟು ಜಾರಬೇಕಾಗಿರಲಿಲ್ಲ" ಎಂದು ಸೇರಿಸಿದಳು. ಕಾಕಾ ಕೇಳಿಸದವರಂತೆ ಬೇವಿನ ಮರವನ್ನು ನೋಡುತ್ತಿದ್ದರು.

ಒಂದು ವಾರದಲ್ಲಿ ಮಂಜೂರಿ ಬಂತು. ನಾಲ್ಕು ದಿನಗಳಲ್ಲಿ ಹಳೆಯದನ್ನು ಒಡೆದು, ಹತ್ತು ಅಡಿ ಅಗಲದ, ನಿಧಾನವಾಗಿ ಇಳಿಯುವ ರ‍್ಯಾಂಪು ಮಾಡಿಕೊಟ್ಟರು. ಚಿಕ್ಕ ಬಾಗಿಲಿನ ಕುಂಡಗಳೂ ಹಿತ್ತಲಿಗೆ ಹೋದವು. ಆಪರೇಷನ್ ಆದ ಐದನೆಯ ದಿನ ಸುಮಂಗಲಾ ಅಕ್ಕನನ್ನು ಕಾರಿನಲ್ಲಿ ಕರೆತಂದು ಸೀದಾ ಮೆಟ್ಟಿಲ ಹತ್ತಿರ ಇಳಿಸಿದಳು. ಹಿಂದೆ ಒಂದು ಹಾರ್ನೂ ಕೇಳಲಿಲ್ಲ. ತಿಂಗಳಾಗುವಷ್ಟರಲ್ಲಿ ಅಕ್ಕ ತಾನೇ ಇಳುಕಲು ಇಳಿದು ಕಟ್ಟೆಯವರೆಗೆ ಹೋಗತೊಡಗಿದಳು. ಇವತ್ತು ಎಷ್ಟು ಹೆಜ್ಜೆಯಾಯಿತು ಎಂದು ಕಾಕಾ ಎಣಿಸಿ ಹೇಳುತ್ತಾರೆ. ಅವರ ಎಣಿಕೆ ತಪ್ಪು ಎಂದು ಅಕ್ಕ ವಾದಿಸುತ್ತಾಳೆ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಮಂಜೂರಿಯ ಕಾಗದವನ್ನು ಫೈಲಿಗೆ ಹಾಕುವ ಮೊದಲು ನಾನು ಪೂರ್ತಿ ಓದಿದೆ. ಅದು ನನ್ನ ವೃತ್ತಿಯ ಚಟ. ಅದರಲ್ಲಿ ಹೀಗಿತ್ತು: 'ಅರ್ಜಿದಾರರು ವಯೋವೃದ್ಧರಾಗಿದ್ದು, ನಡೆದಾಡಲು ಹಾಗೂ ವಾಹನ ಚಲಾಯಿಸಲು ಅಶಕ್ತರೆಂಬುದನ್ನು ಸ್ಥಳದಲ್ಲಿ ಖುದ್ದು ನೋಡಿ ಖಾತ್ರಿ ಮಾಡಿಕೊಂಡು, ಅವರ ಅನುಕೂಲಕ್ಕಾಗಿ ಮಂಜೂರು ಮಾಡಲಾಗಿದೆ.' ಅರ್ಜಿದಾರನೆಂದರೆ ನಾನು. ನನಗೆ ಐವತ್ತಾರು. ಅಕ್ಕನ ಮೊಣಕಾಲನ್ನೂ ನನ್ನ ಡ್ರೈವಿಂಗನ್ನೂ ಯಾರೋ ಗುಮಾಸ್ತರು ಒಂದೇ ವಾಕ್ಯದಲ್ಲಿ ಸೇರಿಸಿ ಒಬ್ಬನೇ ಮುದುಕನನ್ನು ಮಾಡಿದ್ದರು. ಇದನ್ನು ತಿದ್ದಿಸಲೇಬೇಕು ಎಂದು ಎದ್ದೆ. "ತಿದ್ದಸಬೇಕಂದ್ರ ಹೊಸಾ ಅರ್ಜಿ ಕೊಡಬೇಕು" ಎಂದಳು ಸುಮಂಗಲಾ. ಅಕ್ಕ ಕಾಗದ ಇಸಿದುಕೊಂಡು ಓದಿ, "ಇದರಾಗ ತಪ್ಪೇನದ?" ಎಂದಳು. ನಾನು ಮತ್ತೆ ಕೂತೆ.

ಮುಂದಿನ ವಾರ ಮುಗಿದ ಕೆಲಸವನ್ನು ನೋಡಿ ಸಹಿ ಹಾಕಲು ಮೇಡಂ ಬಂದರು. ನಾನು ಆಗ ತಾರಸಿಯ ಮೇಲೆ ನೀರಿನ ಟಾಕಿ ತೊಳೆಯುತ್ತಿದ್ದೆ. ಅವರ ದನಿ ಕೇಳಿ ಎರಡೆರಡು ಮೆಟ್ಟಿಲು ಹಾರುತ್ತ ಇಳಿದೆ. ಕೆಳಗೆ ಸುಮಂಗಲಾ ಅಡ್ಡ ನಿಂತು ಪಿಸುಗುಟ್ಟಿದಳು, "ಮೆಲ್ಲಕ ಬರ್ರಿ. ಅಶಕ್ತರಿದ್ದೀರಿ ನೀವು." ಕಾಲುಗಳು ತಾವಾಗಿಯೇ ನಿಧಾನವಾದವು. ಮೆಟ್ಟಿಲ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು, ಗೇಟಿನವರೆಗೆ ಹೋಗಿ, "ಬನ್ನಿ ಮೇಡಂ" ಎಂದೆ. ದನಿಯೂ ಸ್ವಲ್ಪ ನಡುಗಿತು. ಅದನ್ನು ನಾನು ಬೇಕೆಂದು ಮಾಡಿರಲಿಲ್ಲ. ಮೇಡಂ ಅಳೆದು, ಸಹಿ ಮಾಡಿ, ಹೊರಡುವಾಗ ಸುಮಂಗಲಾಳನ್ನು ಪಕ್ಕಕ್ಕೆ ಕರೆದು, "ಕಾಕಾರನ್ನು ಚೆನ್ನಾಗಿ ನೋಡಿಕೊಳ್ಳಿ" ಎಂದರಂತೆ. ಇವಳು ಸ್ವಲ್ಪವೂ ನಗದೆ, "ಹೂಂ, ನೋಡಿಕೊಳ್ಳುತ್ತಿದ್ದೇನೆ" ಎಂದಳಂತೆ.

ಮೇಡಂ ದಿನಾ ಬೆಳಿಗ್ಗೆ ನಮ್ಮ ಗಲ್ಲಿಯ ತುದಿಯಿಂದಲೇ ಆಫೀಸಿಗೆ ಹೋಗುತ್ತಾರೆಂಬುದು ಆಮೇಲೆ ತಿಳಿಯಿತು. ಅಂದಿನಿಂದ ಕಾರ್ಖಾನೆಗೆ ರಜೆಯಿರುವ ದಿನ ನಾನು ಹೊರ ಬಿದ್ದರೆ, ಮೂಲೆಯ ತಿರುವು ದಾಟುವವರೆಗೆ ಸೊಂಟದ ಮೇಲೆ ಕೈಯಿಟ್ಟು, ಸ್ವಲ್ಪ ಬಾಗಿ, ನಿಧಾನವಾಗಿ ನಡೆಯುತ್ತೇನೆ. ಮೊನ್ನೆ ಹೀಗೆ ನಡೆಯುವಾಗ ಶಾಲೆಗೆ ಹೊರಟ ಹುಡುಗಿಯೊಬ್ಬಳು ನನ್ನ ಕೈಚೀಲ ಹಿಡಿದುಕೊಂಡು ರಸ್ತೆ ದಾಟಿಸಿದಳು. ಬೇಡವೆನ್ನಬೇಕೆಂದುಕೊಂಡೆ. ಚೀಲದಲ್ಲಿ ಎರಡು ಕಿಲೋ ಈರುಳ್ಳಿಯಿತ್ತು, ಸುಮ್ಮನಾದೆ.